ವಿಧೇಯ: ಹೌದು

"ಹಂದಿಗೆ ಸೂಜಿ ಚುಚ್ಚೋದಕ್ಕೆ ಹನ್ನೆರಡು ವರ್ಷ ಓದಬೇಕಿತ್ತೇನೇ ನೀನು?" ಎಂದು ಕೇಳಿದ ಯಾನ್ ಲೈಷುನ್.

ಮಗಳು ರುಯಿ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯಲಿಲ್ಲ. "ಹಂದಿ ಒಂದೇ ಅಲ್ಲಪ್ಪ. ಹಸು, ಕುರಿ, ಕತ್ತೆ. ನಿಮ್ಮ ಸೈಟಿನಲ್ಲಿ ಒಂದು ಕುಂಟು ನಾಯಿ ಇದೆ ಅಂದಿದ್ರಲ್ಲ, ಅದನ್ನೂ ನೋಡ್ತೀನಿ, ಕರ್ಕೊಂಡು ಬನ್ನಿ."

ಅಡುಗೆಮನೆಯಲ್ಲಿ ನೂಡಲ್ಸಿಗೆ ಹಿಟ್ಟು ನಾದುತ್ತಿದ್ದ ಸೈಲಾನ್‌ಗೆ ನಗು ತಡೆಯಲಾಗಲಿಲ್ಲ. ಗಂಡ ತಿರುಗಿ ನೋಡಿದ್ದು ಗೊತ್ತಾಗಿ ಗೋಡೆಯ ಕಡೆ ಮುಖ ಮಾಡಿಕೊಂಡು ನಕ್ಕಳು.

ಊಟದ ಮೇಜಿನ ಮೇಲೆ ಇಟ್ಟಿಗೆಯಷ್ಟು ದಪ್ಪದ ಪುಸ್ತಕವೊಂದು ಬಿದ್ದಿತ್ತು. ದೇಶದ ಅಷ್ಟೂ ವಿಶ್ವವಿದ್ಯಾಲಯಗಳ ಹೆಸರು, ಅಲ್ಲಿನ ವಿಭಾಗಗಳು, ಹೋದ ವರ್ಷ ಯಾವುದು ಎಷ್ಟು ಅಂಕಕ್ಕೆ ಬಾಗಿಲು ಹಾಕಿತ್ತು ಎಂಬ ವಿವರ ಎಲ್ಲ ಅದರಲ್ಲಿತ್ತು. ಜೂನ್ ಕೊನೆಯ ವಾರ ಬಂತೆಂದರೆ ಶಾನ್‌ಶಿ ಪ್ರಾಂತ್ಯದ ಆ ಸಣ್ಣ ಪಟ್ಟಣದಲ್ಲಿ ಮಕ್ಕಳಿರುವ ಪ್ರತಿ ಮನೆಯಲ್ಲೂ ಇದೇ ಪುಸ್ತಕ, ಇದೇ ಜಗಳ. ವಿಶ್ವವಿದ್ಯಾಲಯ ಸೇರಲು ಬರೆಯುವ ಮಹಾಪರೀಕ್ಷೆಯನ್ನೇನೋ ಮಕ್ಕಳು ಎರಡು ದಿನ ಕೂತು ಬರೆದು ಬರುತ್ತಾರೆ. ಆಮೇಲೆ ಆಯ್ಕೆಪಟ್ಟಿ ತುಂಬುವ ಪರೀಕ್ಷೆ ಇಡೀ ವಂಶದ್ದು. ಚಿಕ್ಕಪ್ಪ, ಸೋದರಮಾವ, ಮಹಡಿ ಕೆಳಗಿನ ವಿನೆಗರ್ ಅಂಗಡಿಯವನು, ಎಲ್ಲರಿಗೂ ಒಂದೊಂದು ವಿಶ್ವವಿದ್ಯಾಲಯದ ಒಳಗುಟ್ಟು ಗೊತ್ತಿರುತ್ತದೆ. ರುಯಿಗೆ ಬಂದಿದ್ದು ಏಳುನೂರ ಐವತ್ತಕ್ಕೆ ಐನೂರ ತೊಂಬತ್ತೆಂಟು. ಒಳ್ಳೆಯ ಅಂಕವೇ. ಪಟ್ಟಿ ತುಂಬಲು ಅವತ್ತೇ ಕೊನೆಯ ದಿನ, ಸಂಜೆ ಐದಕ್ಕೆ ಮುಚ್ಚುತ್ತಿತ್ತು.

ಇದಕ್ಕಾಗಿಯೇ ಲೈಷುನ್ ಎರಡು ಹಗಲು ರೈಲಿನಲ್ಲಿ ಕೂತು ಗುಯ್‌ಜೋವಿನಿಂದ ಬಂದಿದ್ದ. ಅಲ್ಲಿ ಒಂದು ಕಣಿವೆಗೆ ಅಡ್ಡಲಾಗಿ ಹೆದ್ದಾರಿ ಸೇತುವೆ ಏಳುತ್ತಿತ್ತು. ಅದಕ್ಕೆ ಮೊದಲು ಯುನ್ನಾನಿನಲ್ಲಿ ಸುರಂಗ, ಅದಕ್ಕೂ ಮೊದಲು ಇನ್ನೆಲ್ಲೋ ಅಣೆಕಟ್ಟು. ಇಪ್ಪತ್ತನಾಲ್ಕು ವರ್ಷದಿಂದ ಅವನು ಮನೆಗೆ ಬರುತ್ತಿದ್ದುದು ಹೊಸವರ್ಷಕ್ಕೆ ಮಾತ್ರ, ಅದೂ ಎಲ್ಲ ವರ್ಷವೂ ಅಲ್ಲ. ಮಗಳು ಹುಟ್ಟಿದ್ದು, ನಡೆದದ್ದು, ಹಲ್ಲು ಬಿದ್ದದ್ದು ಎಲ್ಲವೂ ಅವನಿಗೆ ಫೋನಿನಲ್ಲಿ ಬಂದ ಸುದ್ದಿ. ಈ ಸಲ ಅವನಾಗಿಯೇ ಹತ್ತು ದಿನ ರಜೆ ಕೇಳಿದ್ದ. ಮಗಳ ಬಾಳಿನ ದೊಡ್ಡ ತೀರ್ಮಾನದ ಹೊತ್ತಿನಲ್ಲಾದರೂ ತಂದೆ ಎನಿಸಿಕೊಂಡವನು ಮನೆಯಲ್ಲಿರಬೇಕು ಎಂದು ಅವನಿಗೆ ನಿಜವಾಗಿಯೂ ಅನಿಸಿತ್ತು. ಅದನ್ನು ಅನುಮಾನಿಸುವ ಕಾರಣ ನನಗಿಲ್ಲ.

"ಸಿವಿಲ್ ಅಂತೂ ಅಲ್ವಲ್ಲ," ಎಂದಳು ರುಯಿ. "ನೀವು ಚಿಕ್ಕಂದಿನಿಂದ ಹೇಳಿದ್ದು ಅದೊಂದೇ. ಸಿವಿಲ್ ಬಿಟ್ಟು ಏನಾದ್ರೂ ಓದು, ಹಾವಾಡಿಸೋದು ಕಲಿ ಬೇಕಾದ್ರೆ ಅಂತಿದ್ರಿ. ಈಗ ಹಂದಿ ಅಂದ್ರೆ ಮುಖ ಸಿಂಡರಿಸ್ತೀರಲ್ಲ."

ಆ ಮಾತು ಸುಳ್ಳಲ್ಲ. ಸಿವಿಲ್ ಇಂಜಿನಿಯರಿಂಗ್ ಎಂದರೇನು ಎಂದು ಅವನಿಗೆ ಗೊತ್ತಿದ್ದಷ್ಟು ಯಾವ ಪುಸ್ತಕಕ್ಕೂ ಗೊತ್ತಿರಲಿಲ್ಲ. ತಗಡಿನ ಡಬ್ಬದಂಥ ಕೋಣೆಯಲ್ಲಿ ಎಂಟು ಜನ. ಮಳೆ ಬಂದರೆ ಮಂಚದ ಕಾಲು ಕೆಸರಲ್ಲಿ. ಕಾಂಕ್ರೀಟಿನ ಲಾರಿ ಯಾವ ಹೊತ್ತಿಗೆ ಬಂದರೂ ಎದ್ದು ಹೋಗಬೇಕು. ಹೆಂಡತಿಗೆ ಕಾಯಿಲೆ ಎಂದರೂ ಎರಡು ಸಾವಿರ ಕಿಲೋಮೀಟರ್ ಆಚೆಯಿಂದ "ಬಿಸಿನೀರು ಕುಡಿ" ಎನ್ನಬೇಕು. ಈಗಂತೂ ಕಟ್ಟುವ ಕೆಲಸವೇ ನಿಂತುಹೋಗಿ ಓದಿದ ಹುಡುಗರು ಊಟ ತಲುಪಿಸುವ ಬೈಕು ಓಡಿಸುತ್ತಿದ್ದರು. ಹಗೆಯವನ ಮಕ್ಕಳಿಗೂ ಈ ಕೆಲಸ ಬೇಡ ಎಂದು ಅವನು ಸೈಟಿನಲ್ಲಿ ಎಲ್ಲರೆದುರು ಹೇಳುತ್ತಿದ್ದ.

ಆದರೆ ಅವನೊಳಗೆ ಇನ್ನೊಂದು ಮುಳ್ಳಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಸೈಟಿನಲ್ಲಿ ಕರೆಯುವುದಕ್ಕೆ ಎರಡು ಬಗೆ. ಡಿಗ್ರಿ ಇದ್ದವನು ನಿನ್ನೆ ಮೊನ್ನೆ ಬಂದ ಮೀಸೆ ಮೂಡದ ಹುಡುಗನಾದರೂ ‘ವಾಂಗ್ ಇಂಜಿನಿಯರ್ರು,’ ‘ಪಾಂಗ್ ಇಂಜಿನಿಯರ್ರು.’ ಡಿಗ್ರಿ ಇಲ್ಲದವನು ಮೂರು ಸೇತುವೆ ಎಬ್ಬಿಸಿದ್ದರೂ ‘ಮೇಸ್ತ್ರಿ.’ ಲೈಷುನ್ ಹತ್ತನೆಯ ತರಗತಿ ಮುಗಿಸಿ ಎರಡು ವರ್ಷದ ತಾಂತ್ರಿಕ ಶಾಲೆಯಲ್ಲಿ ಓದಿದವನು. ಆ ಪಾಂಗ್ ಹೊಸದಾಗಿ ಬಂದಾಗ ಅವನಿಗೆ ಕಂಬದ ಕಬ್ಬಿಣ ಹೇಗೆ ಎಣಿಸಬೇಕೆಂದು ಹೇಳಿಕೊಟ್ಟವನೇ ಇವನು. ಎರಡು ವರ್ಷ ಕಳೆಯುವಷ್ಟರಲ್ಲಿ ಪಾಂಗ್ ಮ್ಯಾನೇಜರ್ ಆದ, ಇವನು ಯಾನ್ ಮೇಸ್ತ್ರಿಯಾಗಿಯೇ ಉಳಿದ. ರಜೆ ಕೇಳಲು ಹೋದಾಗ ಅದೇ ಪಾಂಗ್ ಕಾಲ ಮೇಲೆ ಕಾಲು ಹಾಕಿಕೊಂಡು, "ಫಾರ್ಮ್ ತುಂಬೋಕೆ ಹತ್ತು ದಿನ ಬೇಕಾ ಮೇಸ್ತ್ರಿ?" ಎಂದಿದ್ದ. ಪಾಂಗ್, ಅವನಿಗಿಂತ ಮುಂಚಿನ ಮ್ಯಾನೇಜರ್, ಅವನ ಮೇಲಿನ ಮುಖ್ಯ ಇಂಜಿನಿಯರ್ ಎಲ್ಲರೂ ದಕ್ಷಿಣದ ಒಂದೇ ವಿಶ್ವವಿದ್ಯಾಲಯದವರು. ಅದನ್ನು ಅವರು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ‘ನಮ್ಮ ಶಾಲೆ’ ಎನ್ನುತ್ತಿದ್ದರು. ಕುಡಿಯಲು ಕೂತಾಗ ‘ನಮ್ಮ ಶಾಲೆ’ ಶುರುವಾದರೆ ಲೈಷುನ್ ಶೇಂಗಾ ಬೀಜದ ಸಿಪ್ಪೆ ಸುಲಿಯುತ್ತ ಕೂರುತ್ತಿದ್ದ.

ಆ ವಿಶ್ವವಿದ್ಯಾಲಯದ ಹೆಸರು ದಪ್ಪ ಪುಸ್ತಕದ ನಾನೂರ ಹದಿನೇಳನೆಯ ಪುಟದಲ್ಲಿತ್ತು. ಅವನು ಪುಟ ಮಡಚಿಟ್ಟಿದ್ದ.

"ಮೊದಲ ಸಾಲಿನಲ್ಲಿ ಅದನ್ನು ಬರೆದಿಡು," ಎಂದ. "ಸಿವಿಲ್ ಅಲ್ಲ ಮಾರಾಯ್ತಿ. ಕಂಪ್ಯೂಟರ್ರು, ವಿದ್ಯುತ್ತು, ಏನು ಬೇಕೋ ಅದು. ಎರಡನೇ ಸಾಲಿಗೆ ನಿನ್ನ ಹಂದಿ."

"ಹೋದ ವರ್ಷ ಅಲ್ಲಿಗೆ ಆರುನೂರ ಆರು. ನಂದು ಐನೂರ ತೊಂಬತ್ತೆಂಟು. ಸುಮ್ನೆ ಬರೆಯೋದ್ಯಾಕೆ?"

"ಹೇಗೂ ಬರಲ್ಲ ಅಂದ್ಮೇಲೆ ಬರೆದರೇನು ನಷ್ಟ?"

"ಬಂದ್ಬಿಟ್ರೆ? ಎರಡನೇ ಸಾಲು ಹೋದ ಹಾಗೇ."

ಈ ಹುಡುಗಿಗೆ ಮಾತು ಕಲಿಸಿದವರು ಯಾರು ಎಂದು ಲೈಷುನ್‌ಗೆ ಆಶ್ಚರ್ಯವಾಯಿತು. ಅವನಂತೂ ಅಲ್ಲ.

ರುಯಿ ಪರದೆಯನ್ನು ಅವನ ಕಡೆ ತಿರುಗಿಸಿದಳು. ಮೊದಲ ಸಾಲು: ಪ್ರಾಂತ್ಯದ ಕೃಷಿ ವಿಶ್ವವಿದ್ಯಾಲಯ, ಮನೆಯಿಂದ ಬಸ್ಸಿನಲ್ಲಿ ಎರಡೂವರೆ ಗಂಟೆ. ವಿಭಾಗ: ಪಶುವೈದ್ಯ. ಅಲ್ಲಿಗೆ ಐನೂರ ಎಪ್ಪತ್ತು ಇದ್ದರೆ ಧಾರಾಳ. ಕೆಳಗೆ ಇನ್ನೂ ನಾಲ್ಕು ವಿಭಾಗ ಬರೆಯಲು ಜಾಗವಿತ್ತು, ಅವಳು ಖಾಲಿ ಬಿಟ್ಟಿದ್ದಳು. ಅದರ ಕೆಳಗೆ ಒಂದು ಪುಟ್ಟ ಚೌಕ. ಕೇಳಿದ ವಿಭಾಗ ಸಿಗದೆ ಹೋದರೆ ವಿಶ್ವವಿದ್ಯಾಲಯ ತನಗೆ ತೋಚಿದ ವಿಭಾಗಕ್ಕೆ ಹಾಕುತ್ತದೆ, ಅದಕ್ಕೆ ಅಭ್ಯರ್ಥಿ ವಿಧೇಯರೇ? ಹೌದು, ಇಲ್ಲ. ಒಪ್ಪಿಗೆ ಇದೆಯೇ ಎಂದು ಕೇಳಬಹುದಿತ್ತು. ಹಾಗೆ ಕೇಳಿದರೆ ಸರ್ಕಾರದ ಫಾರ್ಮ್ ಎನಿಸುವುದಿಲ್ಲವೇನೋ, ವಿಧೇಯ ಎಂದೇ ಬರೆದಿದ್ದರು. ಇಲ್ಲ ಎಂದು ಒತ್ತಿ ವಿಭಾಗವೂ ಸಿಗದಿದ್ದರೆ ಬಾಗಿಲ ತನಕ ಹೋದವರನ್ನು ಹಾಗೇ ಆಚೆ ಹಾಕುತ್ತಾರೆ, ಪಟ್ಟಿಯ ಉಳಿದ ಸಾಲುಗಳೂ ಮಣ್ಣುಪಾಲು. ಆ ಹೆದರಿಕೆಗೆ ಊರಿನವರೆಲ್ಲ ಕಣ್ಣು ಮುಚ್ಚಿಕೊಂಡು ಹೌದು ಒತ್ತುತ್ತಿದ್ದರು. ರುಯಿ ಇಲ್ಲ ಒತ್ತಿದ್ದಳು.

"ಮೇಷ್ಟ್ರು ಬೈದ್ರು. ನನಗೆ ಪಶುವೈದ್ಯ ಸಿಗೋದು ಖಂಡಿತ, ನಾನ್ಯಾಕೆ ಸುಮ್‌ಸುಮ್ನೆ ವಿಧೇಯಳು ಅನ್ಲಿ ಅಂದೆ. ನಾಯಿಗೆ ಹೇಳೋ ಮಾತು ಅದು."

ಅವಳ ಈ ಹಟಕ್ಕೊಂದು ಹಿನ್ನೆಲೆಯಿತ್ತು. ಹದಿಮೂರರಲ್ಲಿ ಅಜ್ಜಿಯ ಊರಿಗೆ ಹೋಗಿದ್ದಾಗ ಕುರಿಯೊಂದಕ್ಕೆ ಹೆರಿಗೆ ಕಷ್ಟವಾಗಿತ್ತು. ಪಶುವೈದ್ಯೆ ಸಪೂರ ಕೈ ಯಾರದೆಂದು ನೋಡಿ ಮರಿಯನ್ನು ಹೊರಗೆಳೆಯಲು ಇವಳನ್ನೇ ಕರೆದಿದ್ದಳು. ಮನೆಗೆ ಬಂದವಳು ಅಮ್ಮನ ಕೈ ಹಿಡಿದುಕೊಂಡು, "ಅದು ಎದ್ದು ನಿಂತ್ಕೊಳ್ತಮ್ಮಾ, ಅಲ್ಲಾಡ್ತಾ ಅಲ್ಲಾಡ್ತಾ ನಿಂತ್ಕೊಳ್ತು," ಎಂದು ಮೂರು ದಿನ ಅದನ್ನೇ ಹೇಳಿದ್ದಳು. ಇದು ಸೈಲಾನ್‌ಗೆ ಗೊತ್ತಿತ್ತು. ಲೈಷುನ್ ಆಗ ಅಣೆಕಟ್ಟಿನಲ್ಲಿದ್ದ.

ರುಯಿ ಪಟ್ಟಿಯನ್ನು ಕಳಿಸಿದಳು. ಪರದೆಯ ಮೇಲೆ ‘ಉಳಿಸಲಾಗಿದೆ’ ಎಂದು ಬಂತು. "ಮುಗೀತು," ಎಂದು ಮೈ ಮುರಿದು ಎದ್ದಳು. ಗಂಟೆ ಮೂರು ಹತ್ತಾಗಿತ್ತು, ಐದರವರೆಗೆ ಬದಲಾಯಿಸಲು ಅವಕಾಶವಿತ್ತು. ಕಲ್ಲಂಗಡಿ ಗಾಡಿ ಬಂದಿದೆಯೇನೋ ನೋಡು ಎಂದು ತಾಯಿ ಹೇಳಿದ್ದಕ್ಕೆ ಚಪ್ಪಲಿ ಮೆಟ್ಟಿಕೊಂಡು ಮಾರುಕಟ್ಟೆಯ ಕಡೆ ಹೋದಳು. ಅವಳು ನಾಲ್ಕು ಮಹಡಿ ಇಳಿಯುವ ಸದ್ದು ಮುಗಿಯುವ ತನಕ ಲೈಷುನ್ ಮುಚ್ಚಿದ ಲ್ಯಾಪ್‌ಟಾಪನ್ನೇ ನೋಡುತ್ತ ಕೂತಿದ್ದ.

ಪಾಸ್‌ವರ್ಡ್ ಅವನಿಗೆ ಗೊತ್ತಿತ್ತು. ಏನಾದರೂ ಆದರೆ ಇರಲಿ ಎಂದು ರುಯಿಯೇ ಫೋನಿಗೆ ಕಳಿಸಿದ್ದಳು. ತೆರೆದ. ದಪ್ಪ ಬೆರಳುಗಳಿಂದ ಒಂದೊಂದೇ ಅಕ್ಷರ ಹುಡುಕಿ ಕೃಷಿ ವಿಶ್ವವಿದ್ಯಾಲಯವನ್ನು ಎರಡನೆಯ ಸಾಲಿಗೆ ಇಳಿಸಿದ. ಮೊದಲ ಸಾಲಿನಲ್ಲಿ ಪಾಂಗ್‌ನ ‘ನಮ್ಮ ಶಾಲೆ’ಯನ್ನು ಬರೆದ. ಕಂಪ್ಯೂಟರ್, ವಿದ್ಯುತ್, ಯಂತ್ರ, ಸಂಪರ್ಕ, ಗಣಿತ. ಐದೂ ತುಂಬಿತು. ಆ ಹೆಸರನ್ನು ಮಗಳ ಹೆಸರಿನ ಕೆಳಗೆ ನೋಡಿ ಅವನಿಗೆ ಎದೆ ಹೊಡೆದುಕೊಂಡಿತು. ನಾಚಿಕೆಗೇಡು, ಆದರೂ ನಿಜ.

ಚೌಕದ ಹತ್ತಿರ ಬಂದು ನಿಂತ. ಇಲ್ಲ ಎಂದರೆ ಆಚೆ ಹಾಕುವ ಅಪಾಯ. ಹೌದು ಎಂದರೆ? ಎಲ್ಲಿಗೆ ಹಾಕಬಹುದು? ಅವನು ಯೋಚಿಸಿಯೇ ಒತ್ತಿದ, ಅದೇ ಈ ಕಥೆಯ ದುರಂತ. ಅವನ ಲೆಕ್ಕ ಹೀಗಿತ್ತು: ಹೀಗೆ ತುಂಬುವುದು ಯಾರಿಗೂ ಬೇಡದ ಸೀಟುಗಳಿಗೆ. ಆ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಎಂದರೆ ಕಿರೀಟ. ಮುಖ್ಯ ಇಂಜಿನಿಯರ್ರು ಕುಡಿದಾಗಲೆಲ್ಲ ಹೇಳುತ್ತಿದ್ದರು, ‘ನಮ್ಮ ಕಾಲದಲ್ಲಿ ಊರಿಗೇ ಮೊದಲು ಬಂದವನಿಗೆ ಮಾತ್ರ ಅಲ್ಲಿ ಸಿವಿಲ್ ಸಿಗ್ತಿತ್ತು’ ಎಂದು. ಅಂಥದ್ದು ಉಳಿಯುವುದುಂಟೆ? ಬಂದರೆ ಗ್ರಂಥಾಲಯಶಾಸ್ತ್ರವೋ ಪರಿಸರವೋ ಬರುತ್ತದೆ. ಸಿವಿಲ್ ಒಂದು ಬಾರದಿದ್ದರೆ ಸಾಕು, ಅದು ಬರುವುದೇ ಇಲ್ಲ. ತಾನು ದಿನಾ ಉಗಿಯುತ್ತಿದ್ದ ಕೆಲಸದ ಬಗ್ಗೆ ಅವನ ಮನಸ್ಸಿನಲ್ಲಿ ಅಷ್ಟು ಗೌರವವಿತ್ತು.

ವಿಧೇಯ: ಹೌದು.

ಬದಲಾವಣೆ ಖಚಿತವಾಗಲು ನೋಂದಾಯಿಸಿದ ಫೋನಿಗೆ ಆರು ಅಂಕಿ ಬರುತ್ತದೆ ಎಂದಿತು ಪರದೆ. ನೋಂದಾಯಿಸಿದ್ದು ಸೈಲಾನ್‌ಳ ಫೋನ್. ಅವನು ಅಡುಗೆಮನೆಗೆ ಹೋಗಿ ನಿಂತ.

"ನಿನ್ನ ಫೋನಿಗೆ ಒಂದು ನಂಬರ್ ಬಂದಿರತ್ತೆ, ಓದು."

ಸೈಲಾನ್ ಕೈಯ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಂಡು ಫೋನ್ ತೆಗೆದಳು, ಓದಲಿಲ್ಲ. "ಅಲ್ರೀ, ಅವಳಿಗೆ ಹೇಳಿದೀರಾ?"

"ಹೇಳ್ತೀನಿ."

"ಈಗ ಹೇಳಿ ಆಮೇಲೆ ಒತ್ತಿ. ಇನ್ನೂ ಟೈಮ್ ಇದೆಯಲ್ಲ."

"ಎರಡನೇ ಸಾಲಿನಲ್ಲಿ ಅವಳದು ಹಾಗೇ ಇದೆ ಕಣೇ. ಮೇಲೆ ಒಂದು ಹೆಸರು ಅಷ್ಟೆ. ಬರಲ್ಲ ಅಂತ ಅವಳೇ ಹೇಳಿದಾಳೆ. ಹತ್ತು ನಿಮಿಷಕ್ಕೆ ನಂಬರ್ ಕೆಡತ್ತೆ, ಓದು ಅಂದ್ರೆ."

ಇಪ್ಪತ್ತು ವರ್ಷ ಗ್ಯಾಸ್ ಸಿಲಿಂಡರಿನಿಂದ ಹಿಡಿದು ಅತ್ತೆಯ ಶವಸಂಸ್ಕಾರದವರೆಗೆ ಎಲ್ಲವನ್ನೂ ಒಬ್ಬಳೇ ತೀರ್ಮಾನಿಸಿದ ಹೆಂಗಸು ಅವಳು. ಗಂಡ ಮನೆಯಲ್ಲಿದ್ದಾನೆ, ಒಂದು ವಿಷಯವನ್ನಾದರೂ ಅವನು ತೀರ್ಮಾನಿಸಲಿ ಎಂದುಕೊಂಡಳೋ, ಜಗಳ ಬೇಡವೆಂದುಕೊಂಡಳೋ. ಓದಿದಳು. ಅವನು ಹೋಗಿ ಒತ್ತಿದ. ಮೂರು ನಲವತ್ತಕ್ಕೆ ‘ಉಳಿಸಲಾಗಿದೆ’ ಎಂದು ಬಂತು.

ಸ್ವಲ್ಪ ಹೊತ್ತಿಗೆ ರುಯಿ ಒಂದು ದೊಡ್ಡ ಕಲ್ಲಂಗಡಿಯನ್ನು ಹೊಟ್ಟೆಗೆ ಅವಚಿಕೊಂಡು ಏದುಸಿರು ಬಿಡುತ್ತ ಬಂದಳು. "ನನ್ನ ಫೋನಿನ ಚಾರ್ಜ್ ಹೋಯ್ತು. ಗಾಡಿಯವನು ದುಡ್ಡಿಗೆ ಕೆಳಗೆ ಕಾಯ್ತಿದಾನೆ. ಅಮ್ಮಾ, ನಿನ್ನ ಫೋನ್ ಕೊಡು," ಎಂದು ತಾಯಿಯ ಫೋನ್ ತೆಗೆದುಕೊಂಡು ಮತ್ತೆ ಇಳಿದಳು. ವಾಪಸು ಬರಲು ತುಸು ಹೊತ್ತು ಹಿಡಿಯಿತು.

ಬಂದವಳು ಹಣ್ಣು ಕತ್ತರಿಸಿದಳು. ಮೂವರೂ ಮೇಜಿನ ಸುತ್ತ ಕೂತರು. ಫ್ಯಾನು ಕಟಕಟ ಎನ್ನುತ್ತಿತ್ತು.

"ಅಪ್ಪ, ಐದು ಗಂಟೆಗೆ ಮುಂಚೆ ಇನ್ನೊಂದ್ಸಲ ಪಟ್ಟಿ ನೋಡೋಣ್ವಾ?"

"ನೋಡೋದಕ್ಕೇನಿದೆ, ಕಳಿಸಿ ಆಯ್ತಲ್ಲ."

"ನೀವೇನೂ ಹೇಳಲ್ವಾ ಹಾಗಿದ್ರೆ?"

"ಏನು ಹೇಳ್ಲಿ? ಹಣ್ಣು ಸಿಹಿಯಾಗಿದೆ. ತಿನ್ನು."

ಸೈಲಾನ್ ನೂಡಲ್ಸಿಗೆ ನೀರಿಡಬೇಕೆಂದು ಎದ್ದು ಹೋದಳು. ರುಯಿ ಒಂದು ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ಲೈಷುನ್ ಬೀಜಗಳನ್ನು ಬಟ್ಟಲಿಗೆ ಉಗಿಯುತ್ತ ಸೈಟಿನ ನಾಯಿಯ ಕಾಲು ಹೇಗೆ ಮುರಿಯಿತು ಎಂಬ ಕಥೆ ಹೇಳಿದ. ಅದು ಮುಗಿದ ಮೇಲೆ ಪಾಂಗ್‌ನ ಮದುವೆಯ ಕಥೆ ಹೇಳಿದ. ಅಷ್ಟು ಮಾತನ್ನು ಅವನು ಒಂದೇ ಸಲಕ್ಕೆ ಯಾವತ್ತೂ ಆಡಿದವನಲ್ಲ. ಐದು ಹೊಡೆಯಿತು. ರುಯಿ ಎದ್ದು ಬಟ್ಟಲು ತೊಳೆಯಲು ಒಯ್ದಳು.

ಜುಲೈ ಮಧ್ಯದಲ್ಲಿ, ಗುಯ್‌ಜೋವಿನ ಸೈಟಿನಲ್ಲಿ ಊಟಕ್ಕೆ ಸಾಲು ನಿಂತಿದ್ದಾಗ ಸೈಲಾನ್ ಫೋನ್ ಮಾಡಿದಳು. ಸೀಟು ಸಿಕ್ಕಿತ್ತು. ಮೊದಲ ಸಾಲಿನ ದೊಡ್ಡದರಲ್ಲೇ ಸಿಕ್ಕಿತ್ತು. ಈ ವರ್ಷ ಅಲ್ಲಿ ಐನೂರ ತೊಂಬತ್ತಾರಕ್ಕೇ ಬಾಗಿಲು ಹಾಕಿದ್ದರು. ಲೈಷುನ್ ಕೈಯಲ್ಲಿದ್ದ ಊಟದ ಡಬ್ಬಿಯನ್ನು ಹಿಂದಿನವನಿಗೆ ಕೊಟ್ಟು ಆಚೆ ಬಂದ.

"ಯಾವ ವಿಭಾಗ?" ಎಂದು ಕೇಳಿದ.

"ನಿಮ್ಮದೇ," ಎಂದಳು ಸೈಲಾನ್.

"ನಮ್ಮದೇ ಅಂದ್ರೆ?"

"ಸಿವಿಲ್ಲು ಕಣ್ರೀ. ಸಿವಿಲ್ಲು."

ಅದು ಹೇಗೆ ಸಾಧ್ಯ ಎಂದು ಅವನು ಮೂರು ಸಲ ಕೇಳಿದ. ಹೇಗೆ ಸಾಧ್ಯ ಎಂದು ಹೇಳಿದವನು ಪಾಂಗ್. ಸುದ್ದಿ ಕೇಳಿ ಅವನು ಕುರ್ಚಿಯಿಂದ ಎದ್ದು ಬಂದು ಲೈಷುನ್‌ನ ಕೈ ಕುಲುಕಿದ. ಸಿಗರೇಟು ಕೊಟ್ಟ, ತಾನೇ ಹೊತ್ತಿಸಿದ.

"ನಮ್ಮ ಶಾಲೆ! ನಮ್ಮ ವಿಭಾಗ! ಇನ್ನು ನಿಮ್ಮನೇಲೂ ಒಬ್ರು ಯಾನ್ ಇಂಜಿನಿಯರ್ರು. ಅಲ್ಲ ಮೇಸ್ತ್ರಿ, ನೀವೇ ಬೇಡ ಬೇಡ ಅಂತಿದ್ರಲ್ಲ, ನೀವೇ ಹಾಕಿಸಿದ್ರಾ?"

"ಇಲ್ಲ. ತಾವಾಗೇ ಹಾಕಿದಾರೆ. ವಿಧೇಯ ಅಂತ ಒತ್ತಿದ್ವಿ."

ಪಾಂಗ್ ಅವನನ್ನೇ ನೋಡಿದ. ಆಮೇಲೆ ನಗು ಬಂತು ಅವನಿಗೆ. ಕೆಟ್ಟ ನಗುವಲ್ಲ, ಇವನಿಗೆ ಇಷ್ಟೂ ಗೊತ್ತಿರಲಿಲ್ಲವೇ ಎಂಬ ನಗು. "ಅಯ್ಯೋ ಮೇಸ್ತ್ರಿ, ವಿಧೇಯ ಅಂದ್ರೆ ಈಗ ಸಿವಿಲ್ ಅಂತಾನೇ ಅರ್ಥ. ಎರಡು ವರ್ಷದಿಂದ ಅಲ್ಲಿಗೆ ಯಾರೂ ಬರ್ತಿಲ್ಲ. ಕಾಲು ಭಾಗ ಸೀಟು ಖಾಲಿ. ಉಳಿದವರನ್ನೆಲ್ಲ ಹಿಡಿದು ತುಂಬ್ತಾರೆ. ನಮ್ಮ ಪ್ರೊಫೆಸರೇ ತಮ್ಮ ಮಗನ್ನ ಅಲ್ಲಿ ಓದಿಸ್ಲಿಲ್ಲ. ಇದು ಬೀದೀಲಿರೋ ಮಕ್ಕಳಿಗೂ ಗೊತ್ತು."

ಬೀದಿಯ ಮಕ್ಕಳಿಗೆ ಗೊತ್ತಿದ್ದದ್ದು ಇಪ್ಪತ್ತನಾಲ್ಕು ವರ್ಷ ಅದರಲ್ಲೇ ಬೆಂದವನಿಗೆ ಗೊತ್ತಿರಲಿಲ್ಲ. ಅಂದು ಮಧ್ಯಾಹ್ನ ಅವನು ಊಟ ಮಾಡಲಿಲ್ಲ. ಕಂಬದ ಮೇಲೆ ಹೋಗಿ ಕಬ್ಬಿಣ ಎಣಿಸಿದ, ಮರೆತ, ಮತ್ತೆ ಎಣಿಸಿದ.

ಮನೆಯಲ್ಲಿ ರುಯಿ ಅಳಲಿಲ್ಲ, ಕೂಗಾಡಲಿಲ್ಲ ಎಂದು ಸೈಲಾನ್ ಫೋನಿನಲ್ಲಿ ಹೇಳಿದಳು. ಇನ್ನೊಂದು ವರ್ಷ ಓದಿ ಮತ್ತೆ ಪರೀಕ್ಷೆ ಬರೆ ಎಂದರೆ, ಬೆಳಗಿನ ಐದೂವರೆಗೆ ಎಬ್ಬಿಸುವ ಆ ಶಾಲೆಗೆ ಮತ್ತೆ ಕಾಲಿಡುವುದಿಲ್ಲ ಎಂದಳಂತೆ. ಹೋಗ್ತೀನಿ ಎಂದಳಂತೆ. ಪಟ್ಟಿಯಲ್ಲಿ ಆ ಹೆಸರು ಹೇಗೆ ಬಂತು ಎಂದು ಕೇಳಲೇ ಇಲ್ಲವಂತೆ. "ನಾನೇ ಹೇಳಿಬಿಡ್ಲಾ?" ಎಂದಳು ಸೈಲಾನ್. "ನಾನು ಬಂದು ಹೇಳ್ತೀನಿ, ಎದುರೆದುರೇ ಹೇಳಬೇಕು," ಎಂದ ಲೈಷುನ್. ಹಾಗೆಂದು ಒಂದು ತಿಂಗಳು ತಳ್ಳಿದ.

ಆಗಸ್ಟಿನಲ್ಲಿ ಬಂದ. ಬಂದ ಮರುದಿನ ಮಧ್ಯಾಹ್ನ ಹೇಳುವುದೆಂದು ತೀರ್ಮಾನಿಸಿ ಮೇಜಿನ ಹತ್ತಿರ ಬಂದರೆ, ರುಯಿ ಒಂದು ಹೊಸ ನೋಟ್‌ಬುಕ್ಕನ್ನೂ ಪೆನ್ನನ್ನೂ ಮುಂದಿಟ್ಟುಕೊಂಡು ಕೂತಿದ್ದಳು. ಎದುರಿನ ಕುರ್ಚಿ ತೋರಿಸಿದಳು.

"ಅಪ್ಪ, ಸೈಟಿನಲ್ಲಿ ಹೆಂಗಸರು ಎಷ್ಟು ಜನ ಇರ್ತಾರೆ?"

ಅವನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. "ಅಡುಗೆಯವರನ್ನ ಸೇರಿಸಿಯಾ, ಬಿಟ್ಟಾ?"

"ಬಿಟ್ಟು."

"ನಮ್ಮಲ್ಲಿ ಒಬ್ಬಳು. ಕಾಗದಪತ್ರ ನೋಡ್ಕೊಳ್ಳೋ ಹುಡುಗಿ. ಇಂಜಿನಿಯರಿಂಗೇ ಓದಿದಾಳೆ, ಆದರೆ..."

ಅವಳು ಬರೆದುಕೊಂಡಳು. "ಕಕ್ಕಸು ಎಲ್ಲಿರತ್ತೆ?"

"ಕ್ಯಾಂಪಿನಲ್ಲಿ. ಅಡುಗೆಮನೆ ಹಿಂದೆ."

"ಕಂಬದ ಹತ್ರ ಕೆಲಸ ಇದ್ದಾಗ?"

"ನಡ್ಕೊಂಡು ಬರಬೇಕು. ಇಪ್ಪತ್ತು ನಿಮಿಷ. ಆ ಹುಡುಗಿ ಬೆಳಗ್ಗೆಯಿಂದ ನೀರೇ ಕುಡಿಯಲ್ಲ ಕಂಬಕ್ಕೆ ಹೋಗೋ ದಿನ."

ಅದನ್ನೂ ಬರೆದುಕೊಂಡಳು. ಹೀಗೆ ಕೇಳುತ್ತ ಹೋದಳು. ಬೂಟಿನ ಅಳತೆ ಹೆಂಗಸರಿಗೆ ಸಿಗುತ್ತದೆಯೇ. ಹೊಸವರ್ಷಕ್ಕೆ ಎಷ್ಟು ದಿನ ಬಿಡುತ್ತಾರೆ. ನೆಲದೊಳಗೆ ಕಂಬ ಹೇಗೆ ಇಳಿಸುತ್ತಾರೆ. ಮೊದಮೊದಲು ಅವನು ಚುಟುಕಾಗಿ ಉತ್ತರಿಸುತ್ತಿದ್ದ. ಆದರೆ ಕಂಬದ ಪ್ರಶ್ನೆ ಬರುವಷ್ಟರಲ್ಲಿ ಅವನು ಕುರ್ಚಿಯನ್ನು ಮುಂದೆ ಎಳೆದುಕೊಂಡಿದ್ದ. ಹದಿನೆಂಟು ವರ್ಷದಲ್ಲಿ ಮಗಳು ಅವನ ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳಿದವಳಲ್ಲ. ಅವಳೇ ಏಕೆ, ಯಾರೂ ಕೇಳಿರಲಿಲ್ಲ. ಅವಳ ಕೈಯಿಂದ ಪೆನ್ನು ತೆಗೆದುಕೊಂಡು ನೋಟ್‌ಬುಕ್ಕಿನ ಮೇಲೆಯೇ ಗೀಚಿದ. ಇದು ತೂತು, ನಲವತ್ತು ಮೀಟರ್ ಆಳ, ನೀರು ತುಂಬಿರುತ್ತದೆ. ಇದು ಕಬ್ಬಿಣದ ಪಂಜರ, ಮೇಲಿಂದ ಇಳಿಸುವುದು. ಹೇಳಬೇಕಾದದ್ದು ಬೇರೆ ಏನೋ ಇತ್ತು ಎಂಬುದೇ ಅವನಿಗೆ ಮರೆತಿತ್ತು. ಸಂತೋಷವಾಗಿದ್ದ, ದೇವರೇ, ಆ ಗಳಿಗೆಯಲ್ಲಿ ಅವನು ಸಂತೋಷವಾಗಿದ್ದ.

"ಕಾಂಕ್ರೀಟು ಮೇಲಿಂದ ಸುರಿಯೋ ಹಾಗಿಲ್ಲ. ನೀರಲ್ಲಿ ಕಲಸಿ ಹೋಗತ್ತೆ. ಈ ಕೊಳವೆ ಇದೆ ನೋಡು, ಇದನ್ನ ತಳಕ್ಕೆ ಇಳಿಸಿ ಕೆಳಗಿಂದ ತುಂಬ್ಕೊಂಡು ಬರೋದು. ಕೊಳವೆ ತುದಿ ಯಾವಾಗ್ಲೂ ಕಾಂಕ್ರೀಟಿನ ಒಳಗೇ ಮುಳುಗಿರಬೇಕು. ನಲವತ್ತು ಮೀಟರ್ ಆಳದಲ್ಲಿ ಏನಾಗ್ತಿದೆ ಅಂತ ಕಣ್ಣಿಗೆ ಕಾಣಲ್ಲ. ಹಗ್ಗ ಬಿಟ್ಟು ಅಳೀಬೇಕು. ಪಾಂಗ್‌ಗೆ ಇದನ್ನ ಹೇಳಿಕೊಟ್ಟಿದ್ದೇ ನಾನು."

"ಮೂರು ನಲವತ್ತಕ್ಕೆ ಅಲ್ವಾ ನೀನು ಬದಲಾಯಿಸಿದ್ದು?" ಎಂದಳು ರುಯಿ.

ಲೈಷುನ್‌ನ ಪೆನ್ನು ಕೊಳವೆಯ ಮೇಲೆ ನಿಂತಿತು.

"ಬದಲಾವಣೆ ಉಳಿಸಲಾಗಿದೆ ಅಂತ ಅಮ್ಮನ ಫೋನಿಗೆ ಮೆಸೇಜು ಬಂದಿತ್ತು. ಕಲ್ಲಂಗಡಿ ಗಾಡಿ ಹತ್ರ ನಿಂತು ಓದಿದೆ, ಪಟ್ಟಿನೂ ತೆಗೆದು ನೋಡಿದೆ."

ಹುಟ್ಟಿದಾಗಿನಿಂದ ಅವಳು ತಾಯಿಗೆ ನೀನು ಎಂದವಳು, ಅವನಿಗೆ ನೀವು ಎಂದವಳು. ವರ್ಷಕ್ಕೊಮ್ಮೆ ಚೀಲ ಹಿಡಿದುಕೊಂಡು ಬರುವವರಿಗೆ ಯಾರಾದರೂ ಹಾಗೇ ಅನ್ನುವುದು. ಆ ‘ನೀನು’ ತನಗೂ ಒಂದು ದಿನ ಸಿಗಲಿ ಎಂದು ಅವನು ಆಸೆಪಟ್ಟಿದ್ದುಂಟು. ಈಗ ಸಿಕ್ಕಿತ್ತು. ತಲೆ ಎತ್ತಿ ಅವಳನ್ನು ನೋಡಲು ಆಗಲಿಲ್ಲ.

"ಗೊತ್ತಿತ್ತಾ ನಿನಗೆ?" ಎಂದ. ಆಮೇಲೆ ದನಿ ಏರಿತು. "ಗೊತ್ತಿದ್ರೆ ಯಾಕೆ ಸರಿ ಮಾಡ್ಲಿಲ್ಲ? ಇನ್ನೂ ಹೊತ್ತಿತ್ತಲ್ಲ!"

"ಒಂದು ಗಂಟೆ ಇತ್ತು. ನೀನು ಹೇಳ್ತೀಯೇನೋ ಅಂತ ಕಾಯ್ತಿದ್ದೆ."

"ರುಯಿ..."

"ಎರಡು ಸಲ ಕೇಳ್ದೆ. ಹೇಳಿದ್ರೆ ಜಗಳ ಆಡ್ತಿದ್ದೆ. ಲ್ಯಾಪ್‌ಟಾಪ್ ಎತ್ತಿ ಒಗೀತಿದ್ದೆ. ಆಮೇಲೆ ಹೋಗ್ಲಿ ಬಿಡು, ಇಷ್ಟು ದೂರದಿಂದ ಬಂದಿದಾನೆ ಪಾಪ, ಇರ್ಲಿ ಒಂದು ಸಾಲು ಅಂತಾನೂ ಅಂದ್ಬಿಡ್ತಿದ್ದೆನೋ ಏನೋ. ಇಲ್ಲಾಂದ್ರೆ ಆ ಸಾಲನ್ನೇ ತೆಗೆದು ಹಾಕ್ತಿದ್ದೆ. ನೀನು ಬೀಜ ಉಗೀತಾ ನಾಯಿ ಕಥೆ ಹೇಳ್ದೆ. ಅದಾದ್ಮೇಲೆ ಮದುವೆ ಕಥೆ."

ಅಡುಗೆಮನೆಯಲ್ಲಿ ಲಟ್ಟಣಿಗೆಯ ಸದ್ದು ನಿಂತಿತ್ತು. ಸೈಲಾನ್ ಬಾಗಿಲಿಗೆ ಬರಲಿಲ್ಲ. ಲೈಷುನ್‌ಗೆ ಹೇಳಲು ಎಷ್ಟೋ ಇತ್ತು. ಪಾಂಗ್ ಕಾಲ ಮೇಲೆ ಕಾಲು ಹಾಕಿ ಕೂರುವುದು, ಶೇಂಗಾ ಸಿಪ್ಪೆ, ಮೇಸ್ತ್ರಿ ಎಂಬ ಮಾತು. ಇವಳಿಗೆ ಅದನ್ನು ಹೇಳಬಹುದಿತ್ತು, ಇವಳಿಗೆ ಅರ್ಥವಾಗುತ್ತಿತ್ತು. ಜೂನ್ ತಿಂಗಳಲ್ಲೇ ಅರ್ಥವಾಗುತ್ತಿತ್ತು.

"ದೊಡ್ಡ ಹೆಸರು ಅದು," ಎಂದಷ್ಟೇ ಬಂತು ಬಾಯಿಗೆ.

ರುಯಿ ಅವನ ಬೆರಳುಗಳ ನಡುವಿನಿಂದ ಪೆನ್ನನ್ನು ಬಿಡಿಸಿಕೊಂಡಳು. ನೋಟ್‌ಬುಕ್ಕನ್ನು ತನ್ನ ಕಡೆ ತಿರುಗಿಸಿ, ಅವನು ಬರೆದ ಚಿತ್ರದ ಪಕ್ಕದಲ್ಲಿ ‘ಕೊಳವೆ’ ಎಂದು ಅಂದವಾಗಿ ಬರೆದು ಒಂದು ಬಾಣದ ಗುರುತು ಎಳೆದಳು.

"ಮುಂದೆ ಹೇಳಿ," ಎಂದಳು. "ಕೊಳವೆಯನ್ನ ಮೇಲೆ ಎತ್ತೋದು ಹೇಗೆ?"

ಅವನು ಅವಳ ಮುಖವನ್ನು ನೋಡಿದ. ಅವಳು ಪುಟವನ್ನೇ ನೋಡುತ್ತ ಕಾಯುತ್ತಿದ್ದಳು.

"ಸ್ವಲ್ಪ ಸ್ವಲ್ಪ," ಎಂದ ಲೈಷುನ್. "ಸ್ವಲ್ಪ ಎತ್ತಬೇಕು, ನಿಲ್ಲಿಸಬೇಕು, ಅಳೀಬೇಕು. ಶುರು ಮಾಡಿದ್ಮೇಲೆ ಮಧ್ಯದಲ್ಲಿ ಬಿಟ್ಟು ಏಳೋ ಹಾಗಿಲ್ಲ."

ಅವಳು ಬರೆದುಕೊಂಡಳು.